ಯಾರು ಎಲ್ಲಿ ನಿಲ್ಲಬೇಕು

“ನೀವು ಪ್ರೆಸ್ ಹತ್ರಾನೇ ನಿಂತ್ಬಿಟ್ರೆ ಅಂಟಣ್ಣ ಎಲ್ಲಿಂದ ಬರ್ಬೇಕು ಮೇಸ್ತ್ರಿ? ಗೋಡೆ ಒಡ್ಕೊಂಡು ಬರ್ಬೇಕಾ?”

ಸೂಜಿಯಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಅಂಟಣ್ಣ ಗೋಂದಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೇಜಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡು, ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದ. ಮೇಸ್ತ್ರಿ ಇಬ್ಬರನ್ನೂ ಒಮ್ಮೆ ನೋಡಿ ಅರ್ಧ ಹೆಜ್ಜೆ ಸರಿದರು. ಅಂಟಣ್ಣ ಉಸಿರು ಬಿಟ್ಟ.

“ಆಯ್ತು. ಈಗ ಐದನೇ ಪುಟ,” ಎಂದಳು ಸೂಜಿಯಕ್ಕ.

ಗ್ರಂಥಾಲಯದ ನೆಲಮಾಳಿಗೆಯಲ್ಲಿದ್ದ ಬೈಂಡಿಂಗ್ ವಿಭಾಗಕ್ಕೆ ಇದ್ದವರೇ ಈ ಮೂವರು. ಹರಿದ ಪುಸ್ತಕಗಳ ಬೆನ್ನು ಬಿಚ್ಚಿ, ಹಾಳೆ ಜೋಡಿಸಿ, ಹೊಸ ರಟ್ಟು ಕಟ್ಟುವುದು ಮೇಸ್ತ್ರಿಯ ಕೆಲಸ. ಗೋಂದು ಕಾಯಿಸಿ ಹಚ್ಚುವವನು ಅಂಟಣ್ಣ. ಹೊಲಿಯುವವಳು ಸೂಜಿಯಕ್ಕ. ಅಂಟಣ್ಣ ಅವಳಿಗಿಂತ ಹತ್ತು ವರ್ಷ ದೊಡ್ಡವನಾದರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. ಮೊದಮೊದಲು ಅದು ತಮಾಷೆಯಾಗಿತ್ತು, ಈಗ ಇಬ್ಬರಿಗೂ ಅಭ್ಯಾಸವಾಗಿ ಹೋಗಿತ್ತು.

ಹತ್ತು ದಿನದ ಹಿಂದೆ ಮುಖ್ಯ ಗ್ರಂಥಪಾಲಕಿ ಮೆಟ್ಟಿಲಿಳಿದು ಬಂದಿದ್ದರು. ನೀರಿನ ಕೊಳವೆ ಸೋರಿದಾಗ ಬಿಟ್ಟರೆ ಅವರು ಕೆಳಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಆಡಳಿತ ಸಮಿತಿಯವರು ಬರುತ್ತಿದ್ದಾರೆ, ಮೇಲಿನ ಸಭಾಂಗಣದಲ್ಲಿ ಪ್ರತಿ ವಿಭಾಗಕ್ಕೂ ಹನ್ನೆರಡು ನಿಮಿಷ ಕೊಡುತ್ತಾರೆ, ವಿಭಾಗದ ಎಲ್ಲರೂ ಒಟ್ಟಾಗಿ ವೇದಿಕೆಯ ಮೇಲೆ ನಿಂತು ತಮ್ಮ ಕೆಲಸ ಏನು, ಯಾಕೆ ಬೇಕು ಎಂದು ಹೇಳಬೇಕು. ಯಾವ ವಿಭಾಗ ಉಳಿಯುತ್ತದೆ, ಯಾವುದನ್ನು ಮುಚ್ಚಿ ಹೊರಗಿನವರಿಗೆ ಒಪ್ಪಿಸುತ್ತಾರೆ ಎಂಬುದು ಆಮೇಲೆ ತೀರ್ಮಾನವಾಗುತ್ತದೆ. ಇಷ್ಟು ಹೇಳಿ, “ಯಾರು ಜವಾಬ್ದಾರಿ ತಗೋತೀರಿ?” ಎಂದು ಕೇಳಿದಾಗ ಇಬ್ಬರು ಗಂಡಸರೂ ಏಕಕಾಲಕ್ಕೆ ಸೂಜಿಯಕ್ಕನ ಕಡೆ ನೋಡಿದ್ದರು. ಅವಳು ಅಲ್ಲಿಗೆ ಬಂದ ಹನ್ನೆರಡು ವರ್ಷಗಳಲ್ಲಿ ಅವರಿಬ್ಬರೂ ಒಂದೇ ಮಾತಿಗೆ ಬಂದದ್ದು ಅದೇ ಮೊದಲು.

ಮುಚ್ಚಿದರೆ ಮೇಸ್ತ್ರಿಗೆ ಅಂಥ ನಷ್ಟವಿರಲಿಲ್ಲ. ಅವರ ನಿವೃತ್ತಿಗೆ ಉಳಿದಿದ್ದದ್ದು ಹನ್ನೊಂದೇ ತಿಂಗಳು. ಅಂಟಣ್ಣ ಕಾಯಂ ನೌಕರ, ಎಲ್ಲೋ ಒಂದು ಕಡೆ ಕೂರಿಸುತ್ತಾರೆ. ಸೂಜಿಯಕ್ಕನದು ಮಾತ್ರ ವರ್ಷವರ್ಷವೂ ಮುಂದುವರಿಸುವ ಕೆಲಸ. ಅವಳನ್ನು ತೆಗೆದುಹಾಕುವ ಕಷ್ಟವನ್ನೂ ಯಾರೂ ಪಡಬೇಕಿರಲಿಲ್ಲ. ಮುಂದಿನ ವರ್ಷದ ಆದೇಶ ಬರೆಯದೆ ಸುಮ್ಮನಿದ್ದರೆ ಸಾಕಿತ್ತು. ಇದನ್ನು ನೆನೆದಾಗಲೆಲ್ಲ ಅವಳಿಗೆ ಭಯವಾಗುತ್ತಿತ್ತು, ಭಯದ ಜೊತೆಗೆ ಸಿಟ್ಟೂ ಬರುತ್ತಿತ್ತು. ಈ ಕೆಲಸ ಅವಳಿಗೆ ಇಷ್ಟವಾಗಿತ್ತು, ಅದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಏನು ಮಾತಾಡಬೇಕು ಎಂಬುದು ಅರ್ಧ ಗಂಟೆಯಲ್ಲಿ ಮುಗಿಯಿತು. ತಲೆಗೆ ಹುಳ ಬಿಟ್ಟವಳು ಅವಳ ಮಗಳು. ಕಾಲೇಜಿನಲ್ಲಿ ವಾರಕ್ಕೊಂದು ಸಲ ಗುಂಪು ಕಟ್ಟಿಕೊಂಡು ವೇದಿಕೆ ಹತ್ತುವ ಹುಡುಗಿ, ತಾಯಿ ತೋರಿಸಿದ ಕಾಗದ ಓದಿ, “ಮಾತು ಬಿಡಮ್ಮಾ. ಯಾರು ಎಲ್ಲಿ ನಿಲ್ತೀರಿ?” ಎಂದಳು.

“ಎಲ್ಲಿ ಅಂದ್ರೆ? ವೇದಿಕೆ ಮೇಲೆ.”

“ಅಯ್ಯೋ! ಜನ ಕೇಳೋದು ಆಮೇಲೆ, ಮೊದಲು ನೋಡ್ತಾರೆ. ಸಾಲಾಗಿ ನಿಂತ್ರೆ ಬಸ್ಸಿಗೆ ಕಾಯೋರ ಥರ ಕಾಣ್ತೀರಿ.” ಮಗಳು ಊಟದ ಮೇಜಿನ ಮೇಲೆ ಮೂರು ಚಮಚ ಇಟ್ಟಳು. “ಇದು ನೀನು, ಇದು ಮೇಸ್ತ್ರಿ, ಈ ದಪ್ಪಂದು ಅಂಟಣ್ಣ ಮಾಮ. ಒಬ್ಬರು ಮಾತಾಡ್ತಿದ್ರೆ ಉಳಿದ ಇಬ್ಬರು ಅವರ ಮುಖ ನೋಡ್ಬೇಕು, ಚಾವಣಿ ನೋಡ್ಬಾರ್ದು. ಮಾತಾಡೋರ ಮುಂದೆ ಯಾರೂ ಹಾಯ್ಬಾರ್ದು. ಜಾಗ ಬದಲಾಯಿಸೋದಾದ್ರೆ ಮಾತು ಮುಗಿದ ಮೇಲೆ, ಯಾವ ಕಡೆಯಿಂದ ಹೋಗೋದು ಅಂತ ಮೊದಲೇ ಗೊತ್ತಿರ್ಬೇಕು. ಕಾರಣ ಇಲ್ದೆ ಒಂದು ಹೆಜ್ಜೆನೂ ಇಡೋ ಹಾಗಿಲ್ಲ.”

ಸೂಜಿಯಕ್ಕ ಚಮಚಗಳನ್ನು ಸುತ್ತ ತಿರುಗಿಸಿ ನೋಡಿದಳು. ಕಾರಣವಿಲ್ಲದೆ ಒಂದು ಹೆಜ್ಜೆಯೂ ಇಡಬಾರದು ಎಂಬುದು ಅವಳಿಗೆ ಬಹಳ ಹಿಡಿಸಿತು.

ಮರುದಿನದಿಂದ ಅವಳ ಕಣ್ಣು ಜನರ ಕಾಲಿನ ಮೇಲೆಯೇ. ಲಿಫ್ಟಿನಲ್ಲಿ ನಾಲ್ವರು ನಾಲ್ಕು ಮೂಲೆ ಹಿಡಿಯುತ್ತಾರೆ, ಐದನೆಯವನು ಬಂದು ನಡುವೆ ನಿಂತು, ತಪ್ಪು ಮಾಡಿದವನ ಹಾಗೆ ಬಾಗಿಲ ಮೇಲಿನ ಅಂಕಿ ನೋಡುತ್ತಾನೆ. ಔಷಧಿ ಅಂಗಡಿಯ ಮುಂದೆ ಗಂಡಹೆಂಡಿರು ಜಗಳವಾಡುವಾಗ ಎದುರುಬದುರು ನಿಲ್ಲುವುದಿಲ್ಲ, ಇಬ್ಬರೂ ರಸ್ತೆಗೆ ಮುಖ ಮಾಡಿ ರಸ್ತೆಗೇ ಬೈಯುವಂತೆ ಬೈಯುತ್ತಾರೆ. ಅವಳ ಗಂಡ ಎಲ್ಲಿ ನಿಂತರೂ ಯಾವುದಾದರೂ ಒಂದಕ್ಕೆ ಭುಜ ಆನಿಸಿಯೇ ನಿಲ್ಲುತ್ತಿದ್ದ. ಇಪ್ಪತ್ತು ವರ್ಷ ಜೊತೆಗಿದ್ದರೂ ಅದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. “ಏನು ಹಾಗೆ ನೋಡ್ತಿದೀಯ?” ಎಂದು ಅವನು ಕೇಳಿದರೆ, “ಇರಿ, ಅಲ್ಲಾಡ್ಬೇಡಿ,” ಎನ್ನುತ್ತಿದ್ದಳು. ಒಂದು ಸಂಜೆ ಹೀಗೆ ಸಾಲಿನಲ್ಲಿದ್ದವರ ಕಾಲು ನೋಡುತ್ತ ನಿಂತು ತಾನು ಹತ್ತಬೇಕಾದ ಬಸ್ಸನ್ನೇ ಬಿಟ್ಟಳು.

ಎಲ್ಲಕ್ಕಿಂತ ಅಚ್ಚರಿ ಕಾದಿದ್ದದ್ದು ನೆಲಮಾಳಿಗೆಯಲ್ಲಿ. ಒಂದು ದಿನ ಪೂರ್ತಿ ಅವಳು ಹೊಲಿಯುತ್ತಲೇ ಮೇಜಿನ ಸುತ್ತ ನಡೆಯುವುದನ್ನು ಗಮನಿಸಿದಳು. ಮೇಸ್ತ್ರಿ ಬಾಗಿಲಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು, ಅವಳು ಅವರೆದುರಿಗೆ, ಗೋಡೆಯ ಕಡೆ. ಮೇಜಿನ ತುದಿ ಅಂಟಣ್ಣನದು. ಮೇಸ್ತ್ರಿ ಪುಸ್ತಕ ಅದುಮುವ ಪ್ರೆಸ್ಸಿನ ಕಡೆ ತಿರುಗುವ ಮೊದಲೇ ಅಂಟಣ್ಣ ಗೋಂದಿನ ಡಬ್ಬಿಯನ್ನು ಅಂಗೈಯಗಲ ಹಿಂದಕ್ಕೆ ಎಳೆದಿರುತ್ತಿದ್ದ. ಮೇಸ್ತ್ರಿಯ ಕೈ ಕತ್ತರಿಗಾಗಿ ಚಾಚುವಷ್ಟರಲ್ಲಿ ಕತ್ತರಿ ಅಲ್ಲಿರುತ್ತಿತ್ತು, ಅದನ್ನು ಅಲ್ಲಿಟ್ಟವಳು ತಾನೇ ಎಂದು ಅವಳಿಗೆ ಆಮೇಲೆ ಹೊಳೆಯುತ್ತಿತ್ತು. ಯಾರೂ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಅಷ್ಟು ಇಕ್ಕಟ್ಟಿನಲ್ಲಿ ಇಷ್ಟು ವರ್ಷ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದಿರಲಿಲ್ಲ.

“ಮೇಸ್ತ್ರಿ ಈಗ ಈ ಕಡೆ ತಿರುಗ್ತಾರೆ ಅಂತ ನಿನಗೆ ಹೇಗೆ ಗೊತ್ತಾಗುತ್ತೆ?” ಎಂದು ಅವಳು ಅಂಟಣ್ಣನನ್ನು ಕೇಳಿದಳು.

“ಗೊತ್ತಾಗೋದೇನಕ್ಕ, ತಿರುಗ್ತಾರೆ ಅಷ್ಟೇ,” ಎಂದ ಅವನು. ಆದರೆ ಕೇಳಿದ್ದೇ ತಪ್ಪಾಯಿತು. ಅಂದಿನಿಂದ ಅವನು ಯೋಚನೆ ಮಾಡಿ ನಡೆಯಲು ಶುರುಮಾಡಿದ. ಎರಡು ದಿನದಲ್ಲಿ ಮೂರು ಸಲ ಮೇಸ್ತ್ರಿಗೆ ಡಿಕ್ಕಿ ಹೊಡೆದ, ಒಂದು ಸಲ ಬಿಸಿ ಗೋಂದನ್ನು ಅವರ ಬೂಟಿನ ಮೇಲೆ ಸುರಿದ. ಮೇಸ್ತ್ರಿ ಬೂಟನ್ನೂ ಅವನನ್ನೂ ಬಹಳ ಹೊತ್ತು ನೋಡಿ, ಹೋಗಿ ಬಟ್ಟೆಯ ಚಿಂದಿ ತಂದರು.

ಮೇಸ್ತ್ರಿಯದೇ ದೊಡ್ಡ ಚಿಂತೆ. ನಾಲ್ಕು ಜನ ಸೇರಿದರೆ ಅವರಿಗೆ ಬಾಯಿ ಬರುತ್ತಿರಲಿಲ್ಲ. ಅಂಟಣ್ಣನ ಇಪ್ಪತ್ತೈದು ವರ್ಷದ ಸೇವೆಗೆ ಮೇಲಿನವರು ಸಣ್ಣ ಸನ್ಮಾನ ಇಟ್ಟುಕೊಂಡಾಗ, ಎರಡು ಮಾತಾಡಿ ಎಂದು ಇವರನ್ನು ಎಬ್ಬಿಸಿದ್ದರು. ಎದ್ದು ನಿಂತರು, ಅಂಗಿಯ ಗುಂಡಿ ಮುಟ್ಟಿಕೊಂಡರು, ಕೂತರು. ಹಾಗಂತ ಅವರು ಮೂಕರಲ್ಲ. ಕೈಯಲ್ಲಿ ಒಂದು ಹರಿದ ಪುಸ್ತಕವಿದ್ದರೆ ಅದರ ಜಾತಕವನ್ನೇ ಹೇಳುತ್ತಿದ್ದರು. ಯಾರು ಓದಿದ್ದಾರೆ, ಎಲ್ಲಿ ಕೂತು ಓದಿದ್ದಾರೆ, ಹಿಂದಿನ ಬೈಂಡರು ಎಂಥ ಸೋಮಾರಿ, ಎಲ್ಲಾ. ಆದ್ದರಿಂದ ಕೆಲಸದ ಮೇಜನ್ನೇ ವೇದಿಕೆಗೆ ಒಯ್ಯಬೇಕು ಎಂದು ಸೂಜಿಯಕ್ಕ ಹಟ ಹಿಡಿದಳು. ಚಿತ್ರ ತೋರಿಸಿದರೆ ಸಾಕಲ್ಲ ಎಂದ ಮುಖ್ಯ ಗ್ರಂಥಪಾಲಕಿ ಕೊನೆಗೆ, “ಏನಾದ್ರೂ ಮಾಡ್ಕೊಳ್ಳಿ,” ಎಂದರು.

ಅವಳು ಮಾಡಿಕೊಂಡಳು. ದೊಡ್ಡ ಹಾಳೆಯೊಂದನ್ನು ಮೂರು ಸಲ ಮಡಿಚಿ ಹದಿನಾರು ಪುಟ ಮಾಡಿ, ಒಂದೊಂದು ಪುಟದಲ್ಲೂ ಒಂದೊಂದು ನಿಲುವು ಬರೆದಳು. ಮೇಜಿಗೊಂದು ಚೌಕ, ಮೂವರಿಗೆ ಮೂರು ಸೊನ್ನೆ, ಯಾರು ಯಾವ ಕಡೆಯಿಂದ ಹೋಗಬೇಕು ಎಂಬುದಕ್ಕೆ ಬಾಣ. ಪುಟ ತಿರುವಿದರೆ ಮುಂದಿನ ನಡೆ. ಇಂಥವು ಮೂರು ಪ್ರತಿ ಮಾಡಿ, ಬೆನ್ನು ಹೊಲಿದು, ತಲೆಗೊಂದು ಕೊಟ್ಟಳು. ಮೇಸ್ತ್ರಿ ಒಳಗೆ ಏನಿದೆಯೆಂದು ನೋಡುವ ಮೊದಲು ಬೆನ್ನು ಬಗ್ಗಿಸಿ ಹೊಲಿಗೆ ನೋಡಿದರು. “ಚೆನ್ನಾಗಿ ಕೂತಿದೆ,” ಎಂದು ಜೇಬಿಗಿಟ್ಟುಕೊಂಡರು. ಸಭಾಂಗಣವನ್ನು ದೊಡ್ಡ ವಿಭಾಗದವರು ಇಡೀ ವಾರಕ್ಕೆ ಹಿಡಿದುಕೊಂಡಿದ್ದರಿಂದ ಇವರ ತಾಲೀಮೆಲ್ಲ ನೆಲಮಾಳಿಗೆಯಲ್ಲೇ ನಡೆಯಿತು. ನಾಲ್ಕನೇ ದಿನಕ್ಕೆ ಪುಸ್ತಕ ನೋಡದೆಯೇ ಹದಿನಾರು ಪುಟವೂ ನಡೆಯಲು ಬಂತು. ಅಂಟಣ್ಣ ಯೋಚಿಸುವುದನ್ನು ಬಿಟ್ಟಿದ್ದ.

ಸಮಿತಿ ಬರುವ ದಿನ ಬೆಳಿಗ್ಗೆ ಮೇಜಿನ ಕಾಲು ಕಳಚಿ, ನಾಲ್ಕು ಜನ ಹೊತ್ತು, ಮೇಲೆ ಸಾಗಿಸಿದರು. ಇವರ ಸರದಿಗೆ ಮೊದಲು ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ವಿಭಾಗದ ಐವರು ವೇದಿಕೆ ಹತ್ತಿದರು. ಎಲ್ಲರದೂ ನೀಲಿ ಅಂಗಿ. ಸೂಜಿಯಕ್ಕ ಬದಿಯಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡಿದಳು. ಬಾಗಿದ ಸಾಲಿನಲ್ಲಿ ನಿಂತಿದ್ದರು, ಮಾತಾಡುವವರು ಒಂದು ಹೆಜ್ಜೆ ಮುಂದೆ ಬರುತ್ತಿದ್ದರು, ಮಾತು ಮುಗಿದ ಕೂಡಲೇ ಹಿಂದೆ ಸರಿಯುತ್ತಿದ್ದರು, ಪರದೆಯ ಚಿತ್ರ ಬದಲಾಯಿಸುವ ರಿಮೋಟು ಕೈಯಿಂದ ಕೈಗೆ ದಾಟುತ್ತಿತ್ತು. ಮಗಳು ಹೇಳಿದ್ದರಲ್ಲಿ ಒಂದೂ ತಪ್ಪಲಿಲ್ಲ. ಅವಳಿಗೆ ಹೊಟ್ಟೆಕಿಚ್ಚಾಗಲಿಲ್ಲ, ಸಂತೋಷವೇ ಆಯಿತು. ಮುಂದಿನ ಸಾಲಿನಲ್ಲಿ ಕೂತ ಸಮಿತಿಯ ಐವರು ಚಪ್ಪಾಳೆ ತಟ್ಟಿದರು. ನಡುವೆ ಕೂತಿದ್ದ ಅಧ್ಯಕ್ಷರು, ದೊಡ್ಡ ಮೈಯ ಮುದುಕರು, ಗಡಿಯಾರ ನೋಡಿಕೊಂಡು ಆಕಳಿಸಿದರು.

“ಬೈಂಡಿಂಗ್ ವಿಭಾಗ,” ಎಂದು ಕರೆದರು.

ಮೇಜು ಬಂತು, ಪ್ರೆಸ್ ಬಂತು, ಗೋಂದಿನ ಡಬ್ಬಿ ಬಂತು. ಒಂದನೇ ಪುಟದ ಪ್ರಕಾರ ಮೂವರೂ ಮೂರು ಕಡೆ ನಿಂತರು. ಸೂಜಿಯಕ್ಕ ನಮಸ್ಕಾರ ಹೇಳಲು ತಲೆ ಎತ್ತಿದಳು. ಎದುರಿಗೆ ಮೇಸ್ತ್ರಿಯ ಮುಖ ಕಂಡಿತು. ಅವರ ಹೆಗಲಿನ ಆಚೆ ಸಮಿತಿಯ ಐವರು ಕಂಡರು. ಐವರಿಗೂ ಕಾಣುತ್ತಿದ್ದದ್ದು ಮೇಸ್ತ್ರಿಯ ಬೆನ್ನು ಮತ್ತು ಅದರ ಮೇಲೆ ಗಂಟು ಬಿದ್ದ ಏಪ್ರನ್ನಿನ ದಾರ.

ಹದಿನಾರು ಪುಟಗಳಲ್ಲಿ ಎಲ್ಲವೂ ಇತ್ತು, ನೋಡುವವರು ಎಲ್ಲಿ ಕೂರುತ್ತಾರೆ ಎಂಬುದೊಂದು ಇರಲಿಲ್ಲ. ಮಗಳು ಚಮಚ ಇಟ್ಟು ತೋರಿಸಿದಾಗ ಕುರ್ಚಿಯಲ್ಲಿ ಕೂತು ನೋಡುತ್ತಿದ್ದವಳು ಮಗಳೇ. ನೋಡುವವಳಿಗೊಂದು ಚಮಚ ಇಟ್ಟಿರಲಿಲ್ಲ, ಇವಳು ಬರೆದುಕೊಂಡಿರಲಿಲ್ಲ. ನೆಲಮಾಳಿಗೆಯಲ್ಲಂತೂ ಇವರನ್ನು ನೋಡಲು ಯಾರೂ ಬಂದದ್ದೇ ಇಲ್ಲ.

ನೀಲಿ ಅಂಗಿಯವರ ಕಡೆಯಿಂದ ಒಂದು ಕಿಸಕ್ ಎಂಬ ನಗು ಕೇಳಿತು. “ಅಕ್ಕಾ, ಎಷ್ಟನೇ ಪುಟ?” ಎಂದು ಅಂಟಣ್ಣ ತುಟಿ ಅಲ್ಲಾಡಿಸದೆ ಕೇಳಿದ. ಮೇಸ್ತ್ರಿ, ಸ್ವಲ್ಪ ಈ ಕಡೆ ಬನ್ನಿ ಎಂದರೆ ಆಗುತ್ತಿತ್ತು. ಅಷ್ಟು ಹೇಳಲು ಅವಳು ಬಾಯಿ ತೆರೆದಳು ಕೂಡ. ಆದರೆ ಮೇಸ್ತ್ರಿ ಅಷ್ಟರಲ್ಲಿ ಪುಸ್ತಕ ಬಿಚ್ಚಿಕೊಂಡಿದ್ದರು. ಬೆನ್ನು ಕಿತ್ತು ಬಂದ, ಹಾವುಗಳ ದೊಡ್ಡ ಚಿತ್ರಪುಸ್ತಕ ಅದು.

“ಇದು ನಮ್ಮ ಹತ್ರ ಬರ್ತಿರೋದು ಮೂರನೇ ಸಲ ಕಣಮ್ಮ,” ಎಂದರು ಮೇಸ್ತ್ರಿ, ದಿನವೂ ಹೇಳುವ ಹಾಗೆ, ಅಷ್ಟೇ ಮೆಲ್ಲಗೆ. “ನೋಡು, ಮಕ್ಕಳು ಇದನ್ನ ಒಬ್ಬೊಬ್ಬರೇ ಓದಲ್ಲ. ಇಬ್ಬಿಬ್ಬರು ಸೇರಿ ಓದ್ತಾರೆ. ಈ ಕಡೆ ಒಬ್ಬ ಎಳೀತಾನೆ, ಆ ಕಡೆ ಒಬ್ಬ ಎಳೀತಾನೆ. ಅದಕ್ಕೇ ನಡೂ ಮಧ್ಯ ಸೀಳಿದೆ.”

ಈಗ ತಿರುಗಿ ಎಂದರೆ ಆ ದನಿ ಮತ್ತೆ ಸಿಕ್ಕುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಕೆಲಸ ಹೋಗುವುದೇ ಆದರೆ ಹೋಗಲಿ, ಇವರನ್ನು ಇಷ್ಟು ಜನರ ಮುಂದೆ ಮತ್ತೆ ಅಂಗಿಯ ಗುಂಡಿ ಮುಟ್ಟಿಕೊಳ್ಳುವಂತೆ ಮಾಡಲು ಅವಳಿಂದ ಆಗಲಿಲ್ಲ. ಬಾಯಿ ಮುಚ್ಚಿಕೊಂಡು, ದಾರಕ್ಕೆ ಮೇಣ ಎಳೆದು, ಸೂಜಿಗೆ ಪೋಣಿಸಿದಳು.

“ಕೇಳಿಸ್ತಿಲ್ಲ,” ಎಂದರು ಕೆಳಗಿನಿಂದ ಯಾರೋ.

ಮೇಸ್ತ್ರಿಗೆ ಅದೂ ಕೇಳಿಸಲಿಲ್ಲ. “ಹಳೇ ಗೋಂದು ಕೆರೀಬೇಕು. ಯಾರು ಹಚ್ಚಿದ್ದೋ ಪುಣ್ಯಾತ್ಮ, ಮನೆ ಕಟ್ಟೋನ ಹಾಗೆ ಮೆತ್ತಿದಾನೆ.”

“ನಾನೇ ಹಚ್ಚಿದ್ದು,” ಎಂದ ಅಂಟಣ್ಣ.

“ಗೊತ್ತು.”

ಸಮಿತಿಯ ಹೆಂಗಸೊಬ್ಬರು ಕತ್ತು ಉದ್ದ ಮಾಡಿದರು. ಪಕ್ಕದವರು ಕುರ್ಚಿಯಿಂದ ಅರ್ಧ ಎದ್ದು, “ಏನ್ ಮಾಡ್ತಿದ್ದಾರೆ ಅವರು?” ಎಂದರು. ಸೂಜಿಯಕ್ಕ ಹೊಲಿಗೆಯ ಮೊದಲ ಗಂಟು ಹಾಕಿ ಕಣ್ಣೆತ್ತಿದಾಗ ಅಧ್ಯಕ್ಷರು ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದರು. ಮಂಡಿಯ ಮೇಲೆ ಕೈ ಊರಿ, ಒಂದೊಂದೇ ಮೆಟ್ಟಿಲು. ಬಂದವರು ಎಲ್ಲಿ ನಿಲ್ಲುತ್ತಾರೆ ಎಂದು ಅವಳಿಗೆ ತಡೆಯಲಾರದ ಕುತೂಹಲವಾಯಿತು. ಅವರು ಮೇಜಿನ ತುದಿಗೆ, ಅಂಟಣ್ಣನ ಪಕ್ಕಕ್ಕೆ ಬಂದರು. ಅಂಟಣ್ಣ ತಿರುಗಿ ನೋಡದೆಯೇ ಗೋಂದಿನ ಡಬ್ಬಿಯನ್ನು ಅಂಗೈಯಗಲ ಎಳೆದುಕೊಂಡ. ಅಷ್ಟು ಜಾಗ ಅವರಿಗೆ ಸಾಕಾಯಿತು.

ಅಧ್ಯಕ್ಷರ ಹಿಂದೆ ಆ ಹೆಂಗಸು ಬಂದರು. ಅವರ ಹಿಂದೆ ಉಳಿದವರು. ಮೇಜಿನ ಸುತ್ತ ಕೈಗಳು ಹೆಚ್ಚಿದ್ದನ್ನು ಬಿಟ್ಟರೆ ಮೇಸ್ತ್ರಿಗೆ ಬೇರೇನೂ ಕಂಡಂತಿರಲಿಲ್ಲ. “ಇಲ್ಲಿ ಹಿಡ್ಕೊಳ್ಳಿ. ಒತ್ತಬೇಡಿ, ಸುಮ್ನೆ ಹಿಡ್ಕೊಳ್ಳಿ,” ಎಂದು ಪುಸ್ತಕದ ಒಂದು ತುದಿಯನ್ನು ಅಧ್ಯಕ್ಷರ ಕೈಗೆ ಕೊಟ್ಟರು. ಅಧ್ಯಕ್ಷರು ಹಿಡಿದುಕೊಂಡರು. “ನಾಗರಹಾವಿನ ಪುಟ ಯಾಕೆ ಇಷ್ಟು ಕೊಳೆ?” ಎಂದು ಆ ಹೆಂಗಸು ಕೇಳಿದರು. “ಮುಟ್ಟಿ ನೋಡ್ತಾರೆ ಮೇಡಂ, ಧೈರ್ಯ ಇದೆಯಾ ಅಂತ,” ಎಂದರು ಮೇಸ್ತ್ರಿ. ಆಕೆ ತಾವೂ ಒಂದು ಬೆರಳಿಟ್ಟು ನೋಡಿ ನಕ್ಕರು.

ಹನ್ನೆರಡು ನಿಮಿಷ ಯಾವಾಗ ಮುಗಿಯಿತೋ ಯಾರೂ ನೋಡಲಿಲ್ಲ. ಸಮಯ ಆಯಿತು ಎಂದು ಹೇಳಲು ಮುಖ್ಯ ಗ್ರಂಥಪಾಲಕಿ ತಾವೇ ಮೇಲೆ ಬಂದು, ಹೇಳುವುದನ್ನು ಮರೆತು, ಮೂಲೆಯಲ್ಲಿ ನಿಂತರು.

“ನಿಮ್ಮ ಸರ್ವೀಸ್ ಇನ್ನೆಷ್ಟಿದೆ?” ಎಂದು ಅಧ್ಯಕ್ಷರು ಮೇಸ್ತ್ರಿಯನ್ನು ಕೇಳಿದರು.

“ಹನ್ನೊಂದು ತಿಂಗಳು.”

“ಆಮೇಲೆ ಇದನ್ನ ಯಾರು ಮಾಡ್ತಾರೆ?”

ಮೇಸ್ತ್ರಿ ಉತ್ತರ ಕೊಡುವ ಮೊದಲೇ ಮುಖ್ಯ ಗ್ರಂಥಪಾಲಕಿ ಹೇಳಿದರು, “ಆ ಹುದ್ದೆ ತುಂಬೋ ಯೋಚನೆ ಇಲ್ಲ ಸರ್. ಇವರಿದ್ದಾರೆ, ಆದ್ರೆ ಇವರು ಹೊಲಿಗೆಗೆ ಅಂತ ಬಂದವರು. ಕಾಯಂ ಅಲ್ಲ.”

ಸುಳ್ಳೇನಲ್ಲ ಅದು. ಆದರೂ ಸೂಜಿಯಕ್ಕನ ಮುಖ ಕೆಂಪಾಯಿತು. ಇಷ್ಟು ಜನರ ನಡುವೆ ತನ್ನನ್ನು ಬೆರಳು ಮಾಡಿ ತೋರಿಸಿದ್ದಕ್ಕೆ ನಾಚಿಕೆಯಾಯಿತು. ಹನ್ನೆರಡು ವರ್ಷವಾದರೂ ತಾನು ಈಗಷ್ಟೇ ಬಂದವಳೆಂಬಂತೆ ಹೇಳಿದ್ದಕ್ಕೆ ದುಃಖವಾಯಿತು. ಅವಳು ಕೈಯಲ್ಲಿದ್ದ ಹೊಲಿಗೆಯ ಕೊನೆಯ ಗಂಟು ಬಿಗಿದು, ದಾರ ಕತ್ತರಿಸಿದಳು. ಅವಳ ಕೆಲಸ ಅಲ್ಲಿಗೆ ಮುಗಿದಿತ್ತು. ಹೊಲಿದ ಹಾಳೆಗಳನ್ನು ರಟ್ಟಿಗೆ ಕಟ್ಟಿ ಬೆನ್ನು ಕೂರಿಸುವುದು ಇನ್ನುಳಿದ ಕೆಲಸ, ಅದು ಮೇಸ್ತ್ರಿಯದು. ಅವಳಿಗೆ ಅದು ಬರುತ್ತಿತ್ತು. ಮೇಸ್ತ್ರಿ ಆಸ್ಪತ್ರೆಯಲ್ಲಿದ್ದ ಎರಡು ತಿಂಗಳು ಅದನ್ನೆಲ್ಲ ಮಾಡಿದವಳು ಅವಳೇ, ಆದರೆ ಗೋಡೆಯ ಕಡೆಯ ತನ್ನ ಜಾಗದಲ್ಲೇ ನಿಂತು, ಮೇಜಿನ ಮೇಲೆ ಬಾಗಿ, ಸೊಂಟ ನೋಯಿಸಿಕೊಂಡು ಮಾಡಿದ್ದಳು. ಮೇಸ್ತ್ರಿ ನಿಲ್ಲುವ ಜಾಗದಲ್ಲಿ ಅವರಿಲ್ಲದಾಗಲೂ ಯಾರೂ ನಿಂತದ್ದಿಲ್ಲ. ನಿಲ್ಲಬಾರದೆಂದು ಯಾರೂ ಹೇಳಿರಲಿಲ್ಲ.

ಮೇಸ್ತ್ರಿ ಏಪ್ರನ್ನಿಗೆ ಕೈ ಒರೆಸಿಕೊಂಡರು. ಒಂದೊಂದೇ ಬೆರಳನ್ನು ಒರೆಸಿ ಮುಗಿಸಿದರು. ಆಮೇಲೆ ಬಲಕ್ಕೆ ಒಂದು ಹೆಜ್ಜೆ ಇಟ್ಟರು. ಸ್ವಲ್ಪ ಸರಿದು ನಿಲ್ಲುವ ಹೆಜ್ಜೆಯಲ್ಲ, ಒಬ್ಬರು ಪೂರ್ತಿ ನಿಲ್ಲುವಷ್ಟು ದೊಡ್ಡದು. ಮೇಜಿನ ಮುಂದೆ, ಬಿಚ್ಚಿಟ್ಟ ಪುಸ್ತಕದ ನೇರಕ್ಕೆ ಜಾಗ ಖಾಲಿಯಾಯಿತು.

“ಬಾಮ್ಮ,” ಎಂದರು.

ಅಂಟಣ್ಣ ಜೇಬಿನಲ್ಲಿದ್ದ ಹದಿನಾರು ಪುಟದ ಪುಸ್ತಕ ಮುಟ್ಟಿ ನೋಡಿಕೊಂಡು ಕೈ ಬಿಟ್ಟ. ಸೂಜಿಯಕ್ಕ ಸೂಜಿಯನ್ನು ರವಿಕೆಯ ತೋಳಿಗೆ ಚುಚ್ಚಿಕೊಂಡು, ಮೇಜಿನ ಎಡಗಡೆಯಿಂದ ಸುತ್ತಿ ಬಂದಳು. ಸಮಿತಿಯವರು ಒಬ್ಬೊಬ್ಬರಾಗಿ ದಾರಿ ಬಿಟ್ಟರು, ಮುಖ್ಯ ಗ್ರಂಥಪಾಲಕಿಯೂ ಕಾಲು ಹಿಂದಕ್ಕೆ ತೆಗೆದುಕೊಂಡರು. ಅವಳು ಬಂದು ನಿಂತಳು. ಈ ಕಡೆಯಿಂದ ಮೇಜು ಸೊಂಟಕ್ಕೆ ಸರಿಯಾಗಿ ಬರುತ್ತಿತ್ತು, ಬಾಗಬೇಕಾಗಿರಲಿಲ್ಲ.

ಅಧ್ಯಕ್ಷರು ಪುಸ್ತಕ ಕೆಳಗಿಡಲು ಹೋದರು.

“ಬಿಡಬೇಡಿ ಸರ್, ಹಾಗೇ ಹಿಡ್ಕೊಂಡಿರಿ,” ಎಂದಳು ಅವಳು.

ಮೇಸ್ತ್ರಿ ಅಷ್ಟರಲ್ಲಿ ಮೇಜು ಸುತ್ತಿ ಎದುರಿಗೆ ಹೋಗಿದ್ದರು. ರಟ್ಟಿಗೆ ಕಟ್ಟುವ ದಾರದ ಉಂಡೆಯನ್ನು ಎರಡೂ ಅಂಗೈ ನಡುವೆ ಹಿಡಿದು, ಅವಳು ಎಳೆದಷ್ಟು ಮಾತ್ರ ಬಿಡುತ್ತ, ಅವಳ ಕೈಯನ್ನೇ ನೋಡುತ್ತ ನಿಂತರು.